ಹೊಸ ಮೀನು ಕಲ್ಲಿಗೆ ಮೈ ಉಜ್ಜುತ್ತಿದೆಯಾ? ಔಷಧಿ ಬಾಟಲಿ ತೆಗೆಯುವ ಮುಂಚೆ ಇಷ್ಟು ನೋಡಿ

ಅಂಗಡಿಯಿಂದ ತಂದು ಟ್ಯಾಂಕಿಗೆ ಬಿಟ್ಟ ಮೀನು ಮೊದಲ ದಿನ ಮೂಲೆ ಹಿಡಿದು ಕೂತಿರುತ್ತದೆ. ಆಮೇಲೆ ಒಂದೆರಡು ದಿನಕ್ಕೆ ಹೊಸ ಆಟ ಶುರು. ಸರಿಯಾಗಿ ಈಜುತ್ತಿದ್ದದ್ದು ಇದ್ದಕ್ಕಿದ್ದಂತೆ ಪಕ್ಕಕ್ಕೆ ವಾಲುತ್ತದೆ, ಹೊಟ್ಟೆಯ ಬಿಳಿ ಒಮ್ಮೆ ಫಳಕ್ಕನೆ ಮಿಂಚುತ್ತದೆ, ಜಲ್ಲಿಗೋ ಫಿಲ್ಟರ್ ಪೈಪಿಗೋ ಮೈ ಸವರಿಕೊಂಡು ರಪ್ಪನೆ ಮುಂದಕ್ಕೆ ಓಡುತ್ತದೆ. ಮೀನು ಸಾಕುವವರು ಇದನ್ನು ಫ್ಲ್ಯಾಶಿಂಗ್ ಅಂತಾರೆ. ಅಂಗಡಿಯವರಿಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: 'ನೀಲಿ ಔಷಧಿ ನಾಲ್ಕು ಹನಿ ಹಾಕಿ ಸಾರ್, ಸರಿ ಹೋಗುತ್ತೆ.'

ಹಾಕಬೇಡಿ. ಈಗಲೇ ಹಾಕಬೇಡಿ.

ಮೀನಿಗೆ ಕೈ ಇಲ್ಲ, ತುರಿಕೆ ಆದರೆ ಎಲ್ಲಿಗಾದರೂ ಉಜ್ಜಿಕೊಳ್ಳಲೇಬೇಕು. ಹೊಸ ಮೀನಿಗೆ ತುರಿಕೆ ಬರಲು ಮುಖ್ಯವಾಗಿ ಎರಡು ಕಾರಣ. ಒಂದು, ನೀರು ಚರ್ಮವನ್ನೂ ಕಿವಿರನ್ನೂ ಸುಡುತ್ತಿದೆ. ಇನ್ನೊಂದು, ಮೈಮೇಲೆ ಏನೋ ಹತ್ತಿ ಕೂತಿದೆ. ನೋಡೋಕೆ ಎರಡೂ ಒಂದೇ ಥರ. ಆದರೆ ನೀರು ಕೆಟ್ಟಿದ್ದಾಗ ಔಷಧಿ ಹಾಕಿದರೆ ಕಿವಿರು ಇನ್ನೂ ಉರಿಯುತ್ತದೆ, ಮೇಲಾಗಿ ಮೆಥಿಲೀನ್ ಬ್ಲೂ ಥರದ ಔಷಧಿಗಳು ಫಿಲ್ಟರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತವೆ, ಅವು ಕರಗಿಸಬೇಕಿದ್ದ ಅಮೋನಿಯ ಏರುತ್ತದೆ, ಮೀನು ರೋಗದಿಂದಲ್ಲ ಚಿಕಿತ್ಸೆಯಿಂದ ಸಾಯುತ್ತದೆ. ನೀರು ಪರೀಕ್ಷೆ ಮಾಡಲು ಹತ್ತು ನಿಮಿಷ ಸಾಕು. ಅದಕ್ಕೇ ಮೊದಲು ನೀರು, ಆಮೇಲೆ ಹುಳ.

ಮೊದಲು ಕುರ್ಚಿ ಹಾಕಿಕೊಂಡು ಕೂತು ನೋಡಿ

ಟ್ಯಾಂಕಿನಿಂದ ಮೂರ್ನಾಲ್ಕು ಅಡಿ ದೂರ ಕೂತುಕೊಳ್ಳಿ. ಗಾಜಿಗೆ ಮುಖ ಒತ್ತಿ ನಿಂತರೆ ಹೊಸ ಮೀನು ಹೆದರಿ ಅಡಗುತ್ತದೆ, ಇಲ್ಲವೇ ಊಟ ಬಂತು ಅಂತ ಮುಂದೆ ಬಂದು ಕುಣಿಯುತ್ತದೆ. ಎರಡರಲ್ಲೂ ನಿಮಗೆ ನಿಜ ಗೊತ್ತಾಗಲ್ಲ. ಹತ್ತು ನಿಮಿಷ ನೋಡಿ. ಯಾವ ಮೀನು ಉಜ್ಜುತ್ತಿದೆ, ಎಷ್ಟು ಸಲ, ಮೈಯ ಯಾವ ಭಾಗ ಅನ್ನೋದು ಗಮನಿಸಿ.

ದಿನಕ್ಕೆ ಒಂದೆರಡು ಸಲ ಉಜ್ಜಿದರೆ ಅದು ಏನೂ ಅಲ್ಲ, ನಮಗೂ ಬೆನ್ನು ತುರಿಸುತ್ತದೆ ಅಲ್ವಾ. ಹತ್ತು ನಿಮಿಷದಲ್ಲಿ ನಾಲ್ಕೈದು ಸಲ ಉಜ್ಜಿದರೆ ಅದು ದೂರು. ಮೊಟ್ಟೆ ಇಡುವ ಮುಂಚೆ ಸಿಕ್ಲಿಡ್‌ಗಳು ಕಲ್ಲನ್ನು ಬಾಯಿಂದ ಕಚ್ಚಿ ಕಚ್ಚಿ ಶುಚಿ ಮಾಡುತ್ತವೆ, ಅದನ್ನು ತುರಿಕೆ ಅಂದುಕೊಳ್ಳಬೇಡಿ. ಕೋರಿಡೋರಾಸ್ ಆಗಾಗ ಮೇಲಕ್ಕೆ ಹಾರಿ ಗಾಳಿ ನುಂಗಿ ಬರುವುದು ಅದರ ಸಹಜ ಗುಣ. ಬೆಟ್ಟಾ, ಗೌರಾಮಿ ಕೂಡ ಮೇಲೆ ಬಂದು ಉಸಿರು ತೆಗೆದುಕೊಳ್ಳುತ್ತವೆ. ಆದರೆ ಟೆಟ್ರಾ, ಗೋಲ್ಡ್‌ಫಿಶ್, ಬಾರ್ಬ್ ಮೇಲೆ ಬಂದು ಬಾಯಿ ಪಕಪಕ ಮಾಡುತ್ತಾ ನಿಂತರೆ ತೊಂದರೆ ಇದೆ ಅಂತಲೇ ಲೆಕ್ಕ.

ಉಜ್ಜುವುದರ ಜೊತೆಗೆ ಇನ್ನೇನು ಇದೆ ಅಂತ ನೋಡಬೇಕು. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಮುದುಡಿದೆಯಾ? ಕಿವಿರು ಬೇಗ ಬೇಗ ಬಡಿಯುತ್ತಿದೆಯಾ, ಅಥವಾ ಒಂದು ಕಡೆ ಮಾತ್ರ ಬಡಿದು ಇನ್ನೊಂದು ಕಡೆ ಮುಚ್ಚಿಕೊಂಡಿದೆಯಾ? ತಲೆ ಅಲ್ಲಾಡಿಸುತ್ತದೆಯಾ? ಮೈಮೇಲೆ ಬೂದು ಬಣ್ಣದ ಲೋಳೆ ಜಾಸ್ತಿ ಆಗಿದೆಯಾ? ಊಟ ಹಾಕಿದರೆ ಬಾಯಿಗೆ ತೆಗೆದುಕೊಂಡು ಉಗುಳುತ್ತದೆಯಾ? ಫೋನಿನಲ್ಲಿ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ. ನಾಳೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ, ನಮ್ಮ ನೆನಪು ನಂಬುವಂಥದ್ದಲ್ಲ.

ಇನ್ನು ಎರಡು ಪ್ರಶ್ನೆ, ನನ್ನ ಪ್ರಕಾರ ಇವೇ ಮುಖ್ಯ. ಯಾವಾಗ ಶುರುವಾಯಿತು? ಯಾರ್ಯಾರು ಉಜ್ಜುತ್ತಿದ್ದಾರೆ? ಮೀನು ಬಿಟ್ಟ ಅಥವಾ ನೀರು ಬದಲಿಸಿದ ಕೆಲವೇ ಗಂಟೆಗಳಲ್ಲಿ ಶುರುವಾಗಿ, ಎಲ್ಲ ಮೀನುಗಳೂ ಒಟ್ಟಿಗೆ ಉಜ್ಜುತ್ತಿದ್ದರೆ ಅದು ಹೆಚ್ಚಾಗಿ ನೀರಿನ ಕಥೆ. ನಾಲ್ಕೈದು ದಿನ ಚೆನ್ನಾಗಿದ್ದು, ಆಮೇಲೆ ಒಂದು ಹೊಸ ಮೀನಿನಲ್ಲಿ ಶುರುವಾಗಿ, ಮೆಲ್ಲಗೆ ಬೇರೆಯವಕ್ಕೂ ಹಬ್ಬಿದರೆ ಹುಳದ ಕಥೆ. ಹೊಸ ಮೀನು ಮಾತ್ರ ಒದ್ದಾಡುತ್ತಿದ್ದು ಹಳೇ ಮೀನುಗಳು ಆರಾಮಾಗಿವೆ ಅಂದರೆ? 'ನೀರು ಸರಿ ಇದೆ' ಅಂತ ತೀರ್ಮಾನಿಸಬೇಡಿ. ತಿಂಗಳುಗಟ್ಟಲೆ ನೀರು ಬದಲಿಸದ ಟ್ಯಾಂಕಿನಲ್ಲಿ ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ) ನಿಧಾನಕ್ಕೆ ಇಳಿದು, ಮೀನಿನ ಕೊಳೆ ಕೊನೆಗೆ ಆಗಿ ಉಳಿಯುವ ನೈಟ್ರೇಟ್ ಏರಿರುತ್ತದೆ. ಅಲ್ಲಿರುವ ಮೀನು ದಿನಾ ಸ್ವಲ್ಪ ಸ್ವಲ್ಪ ಒಗ್ಗಿಕೊಂಡಿರುತ್ತದೆ, ಹೊಸದಕ್ಕೆ ಒಂದೇ ಸಲ ಆ ನೀರು ಮೈಗೆ ತಾಗುತ್ತದೆ.

ನೀರು: ಕ್ಲೋರಿನ್ ಮೊದಲ ಅನುಮಾನ

ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗಳಲ್ಲಿ ಇದನ್ನೇ ಮೊದಲು ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ನಲ್ಲಿಯ ಕೊನೆಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮಗೆ ಅದು ರಕ್ಷಣೆ, ಮೀನಿನ ಕಿವಿರಿಗೆ ಅದರ ಕಾಲು ಭಾಗವೂ ಜಾಸ್ತಿಯೇ. ಸಂಪಿನಲ್ಲಿ ಎರಡು ದಿನ ನಿಂತ ನೀರಿನಲ್ಲಿ ಕ್ಲೋರಿನ್ ಎಷ್ಟೋ ಇಳಿದಿರುತ್ತದೆ. ಹಾಗಾಗಿ ಎಷ್ಟೋ ಜನ ಏನೂ ಹಾಕದೆ ವರ್ಷಗಟ್ಟಲೆ ನೀರು ಬದಲಿಸುತ್ತಾ ಬಂದಿರುತ್ತಾರೆ. ಬೆಳಿಗ್ಗೆಯಷ್ಟೇ ನೀರು ಬಿಟ್ಟು ಸಂಪು ತುಂಬಿದ ದಿನ ಅದೇ ಅಭ್ಯಾಸದಲ್ಲಿ ಎರಡು ಬಕೆಟ್ ಸುರಿದರೆ ಸಂಜೆಗೆ ಮೀನುಗಳೆಲ್ಲ ಕಲ್ಲು ಉಜ್ಜುತ್ತಿರುತ್ತವೆ.

ಕ್ಲೋರಿನ್ ನೋಡುವ ಹನಿ ಕಿಟ್ ಈಜುಕೊಳದ ಸಾಮಾನು ಮಾರುವವರ ಹತ್ತಿರ, ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತದೆ. ಪುಟ್ಟ ಟ್ಯೂಬಿನಲ್ಲಿ ನೀರು ಹಿಡಿದು ಹನಿ ಹಾಕಿ, ಹಳದಿ ತಿರುಗಿದರೆ ಕ್ಲೋರಿನ್ ಇದೆ. ಆ ಟ್ಯೂಬಿನ ನೀರನ್ನು ಸಿಂಕಿಗೆ ಚೆಲ್ಲಿ, ಟ್ಯಾಂಕಿಗೆ ವಾಪಸ್ ಸುರಿಯಬೇಡಿ. ಕ್ಲೋರಿನ್ ತೆಗೆಯಲು ಅಂಗಡಿಯಲ್ಲಿ 'ಆಂಟಿ ಕ್ಲೋರಿನ್' ಅಂತ ಕೇಳಿದರೆ ಕೊಡುತ್ತಾರೆ. ಅದರಲ್ಲಿ ಹೆಚ್ಚಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೋ ತೊಳೆಯುವವರು ಹೈಪೋ ಅಂತ ಬಳಸುತ್ತಿದ್ದ ಅದೇ ಹರಳು. ಬಕೆಟ್ಟಿನಲ್ಲೇ ಹಾಕಿ ಕಲಕಿ, ಆಮೇಲೆ ಟ್ಯಾಂಕಿಗೆ ಸುರಿಯಿರಿ. ಈಗಾಗಲೇ ಸುರಿದಾಗಿದ್ದರೆ ಇಡೀ ಟ್ಯಾಂಕಿನ ನೀರಿನ ಲೆಕ್ಕಕ್ಕೆ ಹಾಕಿ, ಏರ್ ಪಂಪ್ ಜೋರು ಮಾಡಿ. ಕೆಲಸ ಮಾಡಲು ಅದಕ್ಕೆ ನಿಮಿಷಗಳು ಸಾಕು. ಆದರೆ ಸುಟ್ಟ ಕಿವಿರು ಮಾಯಲು ದಿನಗಳು ಬೇಕು, ಹಾಗಾಗಿ ಮರುದಿನವೂ ಒಂದಿಷ್ಟು ಉಜ್ಜಿದರೆ ಗಾಬರಿ ಬೇಡ.

ಅಮೆರಿಕದಲ್ಲಿರುವವರಿಗೆ ಒಂದು ಮಾತು. ಅಲ್ಲಿ ಎಷ್ಟೋ ಊರುಗಳ ನಲ್ಲಿ ನೀರಿನಲ್ಲಿ ಕ್ಲೋರಿನ್ ಬದಲು ಕ್ಲೋರಮೈನ್ ಇರುತ್ತದೆ. ಬಕೆಟ್ಟಿನಲ್ಲಿ ರಾತ್ರಿಯಿಡೀ ಇಟ್ಟರೂ ಅದು ಹೋಗಲ್ಲ. ಬರೀ ಥಯೋಸಲ್ಫೇಟ್ ಹಾಕಿದರೆ ಕ್ಲೋರಮೈನ್ ಒಡೆದು ಅಮೋನಿಯ ಉಳಿಯುತ್ತದೆ. ಅಮೋನಿಯವನ್ನೂ ಕಟ್ಟಿಹಾಕುವ ಕಂಡಿಷನರ್ ಬೇಕು.

ಅಮೋನಿಯ ಮತ್ತು ನೈಟ್ರೈಟ್

ಹೊಸ ಟ್ಯಾಂಕಿಗೆ ಹೊಸ ಮೀನು ಬಿಟ್ಟಿದ್ದರೆ ಕ್ಲೋರಿನ್ ಬಿಟ್ಟು ನೇರ ಇಲ್ಲಿಗೇ ಬನ್ನಿ. ಮೀನಿನ ಕಿವಿರಿನಿಂದಲೂ ಉಳಿದ ಊಟದಿಂದಲೂ ಅಮೋನಿಯ ಬರುತ್ತದೆ. ಫಿಲ್ಟರಿನಲ್ಲಿ ಬೆಳೆಯುವ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಈ ವ್ಯವಸ್ಥೆ ನಿಲ್ಲಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಬಹಳ ಅಂಗಡಿಗಳಲ್ಲಿ ಟ್ಯಾಂಕ್, ಜಲ್ಲಿ, ಮೀನು ಎಲ್ಲ ಒಂದೇ ದಿನ ಪ್ಯಾಕ್ ಮಾಡಿ ಕೊಡುತ್ತಾರೆ. ಆ ನಾಲ್ಕಾರು ವಾರ ಮೀನು ಏನು ಉಸಿರಾಡಬೇಕು ಅನ್ನೋದು ಬಿಲ್ಲಿನಲ್ಲಿ ಇರುವುದಿಲ್ಲ.

ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ತೆಗೆದುಕೊಳ್ಳಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. 0.25 ಪಿಪಿಎಂ (ಅಂದರೆ ಲೀಟರಿಗೆ ಇಷ್ಟು ಮಿಲಿಗ್ರಾಂ) ತೋರಿಸಿದರೂ ನೀರು ಬದಲಿಸುವ ಕೆಲಸ ಇದೆ ಅಂತ ಅರ್ಥ. ಇಲ್ಲಿ ಪಿಎಚ್ ಕೂಡ ನೋಡಲೇಬೇಕು, ಯಾಕೆಂದರೆ ಅಮೋನಿಯ ಎರಡು ರೂಪದಲ್ಲಿರುತ್ತದೆ ಮತ್ತು ಅದರಲ್ಲಿ ಒಂದೇ ಹೆಚ್ಚು ವಿಷ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ಸುಮಾರು ಶೇ 0.6ರಷ್ಟು ಮಾತ್ರ ಆ ವಿಷದ ರೂಪ. ಪಿಎಚ್ 8 ಆದರೆ ಶೇ 5 ದಾಟುತ್ತದೆ. ಅಂದರೆ ಕಿಟ್ ಒಂದೇ ಬಣ್ಣ ತೋರಿಸಿದರೂ ಬೋರ್‌ವೆಲ್‌ನ ಗಡಸು ನೀರಿನ ಟ್ಯಾಂಕಿನಲ್ಲಿ ಮೀನಿಗೆ ಬೀಳುವ ಏಟು ಹೆಚ್ಚುಕಡಿಮೆ ಹತ್ತು ಪಟ್ಟು.

ಅಮೋನಿಯ ಅಥವಾ ನೈಟ್ರೈಟ್ ಬಂದಿದ್ದರೆ ಹೀಗೆ ಮಾಡಿ. ಅಂದೇ ಮೂರನೇ ಒಂದು ಭಾಗ ನೀರು ಬದಲಿಸಿ, ಕ್ಲೋರಿನ್ ತೆಗೆದ ನೀರು, ಟ್ಯಾಂಕಿನಷ್ಟೇ ಬಿಸಿ ಇರುವ ನೀರು. ಎರಡು ದಿನ ಊಟ ಹಾಕಬೇಡಿ. ಮನೆಯವರು 'ಪಾಪ' ಅಂದರೂ ಹಾಕಬೇಡಿ, ದೊಡ್ಡ ಮೀನು ಎರಡು ದಿನ ಉಪವಾಸದಿಂದ ಸಾಯಲ್ಲ. ಸೊನ್ನೆಗೆ ಬರುವವರೆಗೆ ದಿನಾ ಅಥವಾ ದಿನ ಬಿಟ್ಟು ದಿನ ಹಾಗೇ ಬದಲಿಸಿ. ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ಬಕೆಟ್ ನೀರಿನಲ್ಲೇ ಮೆಲ್ಲಗೆ ಹಿಂಡಿ. ನೈಟ್ರೈಟ್ ಜಾಸ್ತಿ ಇದ್ದರೆ ಲೀಟರಿಗೆ ಒಂದು ಗ್ರಾಂನಷ್ಟು ಕಲ್ಲುಪ್ಪು ಕರಗಿಸಿ ಹಾಕಬಹುದು. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್ ಒಳಗೆ ಹೋಗದಂತೆ ತಡೆಯುತ್ತದೆ. ಪರಿಚಯದವರ ಬಳಿ ಚೆನ್ನಾಗಿ ಓಡುತ್ತಿರುವ, ರೋಗವಿಲ್ಲದ ಟ್ಯಾಂಕ್ ಇದ್ದರೆ ಒಂದು ತುಂಡು ಹಳೇ ಸ್ಪಂಜ್ ಬೇಡಿ ತಂದು ನಿಮ್ಮ ಫಿಲ್ಟರಿಗೆ ಸಿಕ್ಕಿಸಿ. ಬಾಟಲಿ ಬ್ಯಾಕ್ಟೀರಿಯಾಕ್ಕಿಂತ ನಂಬಿಕೆಯ ಮಾಲು ಅದು.

ಮೇಲೆ ಹೇಳಿದ ಹಳೇ, ಪಿಎಚ್ ಬಿದ್ದ ಟ್ಯಾಂಕಿಗೆ ಮಾತ್ರ ಈ ಲೆಕ್ಕ ಬೇರೆ. ಅಲ್ಲಿ ಒಂದೇ ಸಲ ಅರ್ಧ ನೀರು ಬದಲಿಸಿದರೆ ಪಿಎಚ್ ಜಿಗಿದು, ಸುಮ್ಮನಿದ್ದ ಅಮೋನಿಯ ವಿಷವಾಗಿಬಿಡುತ್ತದೆ. ದಿನಕ್ಕೆ ಶೇ ಹತ್ತು ಹದಿನೈದರಷ್ಟು ಮಾತ್ರ ಬದಲಿಸುತ್ತಾ ಒಂದು ವಾರದಲ್ಲಿ ಪಿಎಚ್ ಮೇಲಕ್ಕೆ ತನ್ನಿ.

ಕಿಟ್‌ನಲ್ಲಿ ಎಲ್ಲ ಸರಿ ಬಂದರೆ ಮನೆ ಕಡೆ ಒಮ್ಮೆ ಕಣ್ಣು ಹಾಯಿಸಿ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಸೊಳ್ಳೆಗೆ ಹಾಕುವ ಲಿಕ್ವಿಡ್ ಮೆಷೀನು, ಜಿರಳೆ ಸ್ಪ್ರೇ ಇವುಗಳಲ್ಲಿ ಇರುವ ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕ ಮೀನಿಗೆ ಬಹಳ ವಿಷ. ಟ್ಯಾಂಕಿನ ಪಕ್ಕದ ಪ್ಲಗ್ಗಿನಲ್ಲೇ ಸೊಳ್ಳೆ ಮೆಷೀನು ಉರಿಯುತ್ತಿದೆಯಾ ನೋಡಿ. ಕೈಯಲ್ಲಿ ಸೋಪು, ಸ್ಯಾನಿಟೈಸರ್ ಇತ್ತಾ? ಬಕೆಟ್ ನೆಲ ಒರೆಸುವ ಬಕೆಟ್ಟಾ? ಮೀನಿಗೆ ಅಂತಲೇ ಒಂದು ಬಕೆಟ್, ಒಂದು ಮಗ್ಗು ಬೇರೆ ಇಡಿ, ಅದರ ಮೇಲೆ ಮಾರ್ಕರಿನಲ್ಲಿ ಬರೆದೇಬಿಡಿ. ಕೆಲಸಕ್ಕೆ ಬರುವವರಿಗೂ ಹೇಳಿಡಿ.

ಕವರ್ ಬಿಚ್ಚಿದ ರೀತಿಯೂ ಕಾರಣ ಇರಬಹುದು

ಒಂದೇ ಸಂಜೆಯಲ್ಲಿ ಶುರುವಾಗಿ, ಎರಡು ದಿನಕ್ಕೆ ತಾನೇ ಕಡಿಮೆಯಾದ ಉಜ್ಜುವಿಕೆ ಹೆಚ್ಚಾಗಿ ನೀರು ಬದಲಾದ ಏಟು. ಅಂಗಡಿಯ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 900 ಇದ್ದು ನಿಮ್ಮದು ಆರ್‌ಓ ಬೆರೆಸಿದ 150 ಆಗಿದ್ದರೆ ಮೀನಿನ ಮೈಗೆ ಅದು ಸಣ್ಣ ವಿಷಯವಲ್ಲ. ಕೆಲವು ನೂರು ರೂಪಾಯಿಗೆ ಟಿಡಿಎಸ್ ಪೆನ್ ಸಿಗುತ್ತದೆ. ಕವರಿನ ನೀರಿಗೂ ಟ್ಯಾಂಕಿಗೂ ಅದ್ದಿ ನೋಡಿ. ವ್ಯತ್ಯಾಸ ಜಾಸ್ತಿ ಇದ್ದು, ಮೀನು ಅರ್ಧ ಒಂದು ಗಂಟೆ ದಾರಿಯಿಂದ ಬಂದಿದ್ದರೆ, ಏರ್ ಪೈಪಿಗೆ ಗಂಟು ಹಾಕಿ ಟ್ಯಾಂಕಿನ ನೀರನ್ನು ತೊಟ್ಟು ತೊಟ್ಟಾಗಿ ಮೀನಿರುವ ಬಕೆಟ್ಟಿಗೆ ಬಿಡುತ್ತಾ ಒಂದು ಗಂಟೆ ಒಗ್ಗಿಸಿ.

ಆದರೆ ಕೊರಿಯರಿನಲ್ಲಿ ಇಡೀ ದಿನ ಪ್ರಯಾಣ ಮಾಡಿ ಬಂದ ಮೀನಿಗೆ ಇದೇ ಉಪಚಾರ ಮಾಡಿದರೆ ಕೆಡುಕು. ಮುಚ್ಚಿದ ಕವರಿನಲ್ಲಿ ಮೀನು ಬಿಟ್ಟ ಉಸಿರಿನಿಂದ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅಮೋನಿಯ ಸೇರಿದ್ದರೂ ಆ ಕಡಿಮೆ ಪಿಎಚ್‌ನಲ್ಲಿ ಅದು ಅಷ್ಟು ಕಚ್ಚುತ್ತಿರಲಿಲ್ಲ. ಕವರ್ ಕತ್ತರಿಸಿದ ಕೂಡಲೇ ಗ್ಯಾಸ್ ಹೊರಗೆ ಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯ ಈಗ ವಿಷ. ಅಂಥ ನೀರಿನಲ್ಲಿ ಒಂದು ಗಂಟೆ ತೊಟ್ಟು ಬಿಡುತ್ತಾ ಕೂರುವುದು ತಪ್ಪು. ಕವರ್ ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಸಿ ಬಿಸಿ ಸಮ ಮಾಡಿ. ಬಿಚ್ಚಿ, ಬಲೆಯಲ್ಲಿ ಮೀನು ತೆಗೆದು ನೇರ ಬಿಡಿ. ಯಾವ ಮೀನಾದರೂ ಸರಿ, ಕವರಿನ ನೀರು ಮಾತ್ರ ಟ್ಯಾಂಕಿಗೆ ಬೇಡ. ಅಂಗಡಿಯ ಹುಳ ಬರುವುದು ಅದರಲ್ಲೇ.

ನೀರು ಸರಿ ಇದ್ದರೆ ಟಾರ್ಚ್ ತೆಗೆಯಿರಿ

ರಾತ್ರಿ ಕೋಣೆಯ ಲೈಟ್, ಟ್ಯಾಂಕಿನ ಲೈಟ್ ಎರಡೂ ಆರಿಸಿ. ಫೋನಿನ ಟಾರ್ಚನ್ನು ಮೀನಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ, ನೇರ ಮುಖಕ್ಕೆ ಬೇಡ. ಹಗಲಿನಲ್ಲಿ ಕಾಣದ್ದೆಲ್ಲ ಕಾಣುತ್ತದೆ.

ರವೆ ಕಾಳಿನಷ್ಟು ಬಿಳಿ ಚುಕ್ಕೆ, ಮುಟ್ಟಿದರೆ ಎದ್ದು ಬರುವಂತೆ ಉಬ್ಬಿರುವ ಚುಕ್ಕೆ, ರೆಕ್ಕೆ ಬಾಲದ ಮೇಲೆ ಎಣಿಸಬಹುದಾದಷ್ಟು ಬಿಡಿಬಿಡಿಯಾಗಿ ಇದ್ದರೆ ಅದು ಇಕ್, ಅಂಗಡಿ ಭಾಷೆಯಲ್ಲಿ ವೈಟ್ ಸ್ಪಾಟ್. ಒಂದು ಎಚ್ಚರ: ಗೋಲ್ಡ್‌ಫಿಶ್ ಗಂಡು ಬೆದೆಗೆ ಬಂದಾಗ ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಸಾಲಾಗಿ ಬಿಳಿ ಚುಕ್ಕೆ ಏಳುತ್ತವೆ. ಬಾಲದಲ್ಲಿ ಒಂದೂ ಇಲ್ಲ, ಮೀನು ಗೆಲುವಾಗಿದೆ ಅಂದರೆ ಅದು ರೋಗವಲ್ಲ.

ಚುಕ್ಕೆ ಎಣಿಸಲು ಆಗದಷ್ಟು ನುಣ್ಣಗೆ, ಟಾರ್ಚ್ ಬೆಳಕಿಗೆ ಹೊಂಬಣ್ಣದ ಪುಡಿ ಉದುರಿಸಿದ ಹಾಗೆ ಕಂಡರೆ ವೆಲ್ವೆಟ್. ಇದು ಇಕ್‌ಗಿಂತ ಬೇಗ ಕೊಲ್ಲುತ್ತದೆ, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಕಾಳಿನಂಥ ಚಪ್ಪಟೆ ಹುಳ ಮೈಮೇಲೆ ಓಡಾಡಿದರೆ ಮೀನಿನ ಹೇನು, ದಾರದ ತುಂಡು ಚರ್ಮದಿಂದ ಹೊರಗೆ ಜೋತುಬಿದ್ದಿದ್ದರೆ ಆಂಕರ್ ವರ್ಮ್. ಇವೆರಡೂ ಕೆರೆ, ಸಿಮೆಂಟ್ ತೊಟ್ಟಿಯಲ್ಲಿ ಬೆಳೆದ ಗೋಲ್ಡ್‌ಫಿಶ್, ಕೊಯ್ ಕಾರ್ಪ್‌ಗಳಲ್ಲಿ ಹೆಚ್ಚು.

ಏನೂ ಕಾಣುತ್ತಿಲ್ಲ, ನೀರು ಸರಿ ಇದೆ, ಆದರೂ ದಿನದಿಂದ ದಿನಕ್ಕೆ ಉಜ್ಜುವುದು ಜಾಸ್ತಿ ಆಗುತ್ತಿದೆ, ಒಂದು ಕಡೆ ಕಿವಿರು ಮುಚ್ಚಿಕೊಂಡಿದೆ ಅಂದರೆ ಫ್ಲೂಕ್ ಅನುಮಾನ ಪಡಿ. ಚರ್ಮ, ಕಿವಿರಿಗೆ ಕೊಕ್ಕೆ ಹಾಕಿ ಕೂರುವ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಹುಳ ಅದು. ಟ್ರೈಕೋಡೈನಾ, ಕೋಸ್ಟಿಯಾ ಥರದ ಇನ್ನೂ ಸಣ್ಣ ಜೀವಿಗಳೂ ಹೀಗೇ ಕಾಡುತ್ತವೆ, ಮೈಮೇಲೆ ಬೂದು ಲೋಳೆ ಕಟ್ಟುತ್ತದೆ. ಇವನ್ನು ಖಚಿತವಾಗಿ ಹೇಳಲು ಸೂಕ್ಷ್ಮದರ್ಶಕವೇ ಬೇಕು.

ಇಕ್ ಬಂದಿದ್ದರೆ

ಇದರ ಜೀವನ ಸ್ವಲ್ಪ ತಿಳಿದುಕೊಂಡರೆ ಔಷಧಿ ಯಾಕೆ 'ಕೆಲಸ ಮಾಡಲಿಲ್ಲ' ಅನ್ನೋದು ತಾನೇ ಅರ್ಥವಾಗುತ್ತದೆ. ನಿಮಗೆ ಕಾಣುವ ಬಿಳಿ ಚುಕ್ಕೆ ಚರ್ಮದ ಒಳಗೆ ಮನೆ ಮಾಡಿ ತಿನ್ನುತ್ತಿರುವ ಜೀವಿ. ಅಲ್ಲಿರುವಾಗ ನೀರಿಗೆ ಹಾಕಿದ ಔಷಧಿ ಅದಕ್ಕೆ ತಟ್ಟಲ್ಲ. ಹೊಟ್ಟೆ ತುಂಬಿದ ಮೇಲೆ ಉದುರಿ ಜಲ್ಲಿಗೆ ಅಂಟಿಕೊಂಡು, ಕವಚ ಕಟ್ಟಿಕೊಂಡು, ಒಂದಿದ್ದದ್ದು ನೂರಾರು ಆಗುತ್ತದೆ. ಆಗಲೂ ಔಷಧಿ ನಾಟಲ್ಲ. ಕವಚ ಒಡೆದು ಮರಿಗಳು ಹೊಸ ಮೀನು ಹುಡುಕುತ್ತಾ ಈಜುವ ಒಂದೆರಡು ದಿನ ಮಾತ್ರ ಅವು ಔಷಧಿಗೆ ಸಿಗುತ್ತವೆ. ಅಂದರೆ ಮರಿಗಳು ಹೊರಬರುವ ಅಷ್ಟೂ ದಿನ ನೀರಿನಲ್ಲಿ ಔಷಧಿ ಇರಲೇಬೇಕು. 'ಮೂರನೇ ದಿನಕ್ಕೆ ಚುಕ್ಕೆ ಹೋಯಿತು' ಅಂತ ನಿಲ್ಲಿಸಿದವರಿಗೆ ಮುಂದಿನ ವಾರ ಹತ್ತು ಪಟ್ಟು ಚುಕ್ಕೆ ಕಾಣುವುದು ಇದಕ್ಕೇ. ಚುಕ್ಕೆ ಹೋಗಿರಲಿಲ್ಲ, ಜಲ್ಲಿಗೆ ಇಳಿದಿತ್ತು.

ನೀರು ಬೆಚ್ಚಗಿದ್ದಷ್ಟೂ ಈ ಚಕ್ರ ಬೇಗ ಸುತ್ತುತ್ತದೆ. 25 ಡಿಗ್ರಿ ಸುತ್ತಮುತ್ತ ಕೆಲವೇ ದಿನ, ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ. ಬೆಂಗಳೂರು, ಮೈಸೂರು, ಮಲೆನಾಡಿನ ಕಡೆ ಡಿಸೆಂಬರ್ ಜನವರಿಯಲ್ಲಿ ಹೀಟರ್ ಇಲ್ಲದ ಟ್ಯಾಂಕ್ ರಾತ್ರಿ ತಣ್ಣಗಾಗಿ ಹಗಲು ಏರುತ್ತದೆ, ಹೊಸ ಮೀನಿಗೆ ಇಕ್ ಹತ್ತಲು ಅದಕ್ಕಿಂತ ಒಳ್ಳೆ ಮುಹೂರ್ತ ಬೇಡ.

ಉಷ್ಣವಲಯದ ಮೀನಾದರೆ ಹೀಟರನ್ನು ಎರಡು ದಿನದಲ್ಲಿ ಮೆಲ್ಲಗೆ ಏರಿಸಿ 30 ಡಿಗ್ರಿಗೆ ತನ್ನಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ 30ರಲ್ಲಿ ಏಳೂವರೆ ಅಷ್ಟೇ. ಆದ್ದರಿಂದ ಏರ್ ಸ್ಟೋನ್ ಹಗಲೂ ರಾತ್ರಿ ಓಡಲಿ. ಗೋಲ್ಡ್‌ಫಿಶ್‌ಗೆ ಇಷ್ಟು ಬಿಸಿ ಮಾಡಬೇಡಿ, ಅದಕ್ಕೆ ಉಪ್ಪೇ ವಾಸಿ. ಲೀಟರಿಗೆ 2ರಿಂದ 3 ಗ್ರಾಂವರೆಗೆ, ಒಂದೇ ಸಲ ಅಲ್ಲ, ಎರಡು ದಿನದಲ್ಲಿ ಮೂರು ಕಂತು ಮಾಡಿ, ಮಗ್ಗಿನಲ್ಲಿ ಕರಗಿಸಿ ಹಾಕಿ. ಉಪ್ಪು ಆವಿಯಾಗಲ್ಲ. ನೀರು ಆರಿ ಕಡಿಮೆಯಾದಾಗ ಬರೀ ನೀರು ಸೇರಿಸಿ, ಬದಲಿಸಿದಾಗ ತೆಗೆದ ನೀರಿನ ಲೆಕ್ಕಕ್ಕೆ ಮಾತ್ರ ಉಪ್ಪು ಸೇರಿಸಿ. ಗಿಡಗಳಿರುವ ಟ್ಯಾಂಕಿಗೆ ಇಷ್ಟು ಉಪ್ಪು ಒಗ್ಗಲ್ಲ.

ಔಷಧಿ ಬೇಕೇ ಆದರೆ ಮೆಲಕೈಟ್ ಗ್ರೀನ್, ಅಥವಾ ಅದಕ್ಕೆ ಫಾರ್ಮಲಿನ್ ಸೇರಿದ ವೈಟ್ ಸ್ಪಾಟ್ ಔಷಧಿ ಸಿಗುತ್ತದೆ. ಬಾಟಲಿ ಮೇಲಿನ ಪ್ರಮಾಣವೇ ಪ್ರಮಾಣ, ಅಂಗಡಿಯವರ 'ನಾಲ್ಕು ಹನಿ' ಅಲ್ಲ. ಅದಕ್ಕೆ ನಿಮ್ಮ ಟ್ಯಾಂಕಿನಲ್ಲಿ ಎಷ್ಟು ಲೀಟರ್ ನೀರಿದೆ ಅಂತ ಗೊತ್ತಿರಬೇಕು. ಉದ್ದ, ಅಗಲ, ಎತ್ತರ ಇಂಚಿನಲ್ಲಿ ಗುಣಿಸಿ 61ರಿಂದ ಭಾಗಿಸಿ. 24, 12, 12ರ ಎರಡಡಿ ಟ್ಯಾಂಕ್ ಲೆಕ್ಕದಲ್ಲಿ ಸುಮಾರು 57 ಲೀಟರ್ ಬರುತ್ತದೆ. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ 48ರ ಆಸುಪಾಸು. 57ಕ್ಕೆ ಹಾಕಿದರೆ ಔಷಧಿ ಜಾಸ್ತಿಯಾಯಿತು ಅಂತಲೇ ಅರ್ಥ. ಲೋಚ್, ಕೋರಿಡೋರಾಸ್, ಟೆಟ್ರಾಗಳಿಗೆ ಮೆಲಕೈಟ್ ಗ್ರೀನ್ ಬೇಗ ತಾಗುತ್ತದೆ, ಅರ್ಧ ಪ್ರಮಾಣದಿಂದ ಶುರು ಮಾಡಿ. ತಾಮ್ರ ಇರುವ ಔಷಧಿ ಸೀಗಡಿ, ಶಂಖದ ಹುಳಗಳನ್ನು ಉಳಿಸಲ್ಲ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ಮೊದಲು ತೆಗೆಯಿರಿ, ಇಲ್ಲದಿದ್ದರೆ ಔಷಧಿಯನ್ನೆಲ್ಲ ಅದೇ ಕುಡಿಯುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಮಕ್ಕಳ ಕೈಗೆ ಬಾಟಲಿ ಸಿಗದ ಹಾಗೆ ಇಡಿ. ಪ್ರತಿ ಡೋಸಿನ ಮುಂಚೆ ಪೈಪು ಹಾಕಿ ಜಲ್ಲಿಯ ತಳದ ಕಸ ಎಳೆದು ಹಾಕಿ, ಎಷ್ಟೋ ಕವಚಗಳು ಅಲ್ಲೇ ಹೋಗುತ್ತವೆ. ಕೊನೆಯ ಚುಕ್ಕೆ ಮಾಯವಾದ ಮೇಲೂ ಒಂದು ವಾರ ಮುಂದುವರಿಸಿ.

ವೆಲ್ವೆಟ್‌ಗೆ ತಾಮ್ರದ ಔಷಧಿ ಹೆಚ್ಚು ಬಳಕೆಯಲ್ಲಿದೆ. ಆ ಜೀವಿ ಬೆಳಕಿನಿಂದಲೂ ಶಕ್ತಿ ಪಡೆಯಬಲ್ಲದು, ಹಾಗಾಗಿ ಟ್ಯಾಂಕಿಗೆ ಬೆಡ್‌ಶೀಟ್ ಮುಚ್ಚಿ ಕತ್ತಲು ಮಾಡಿದರೆ ಅನುಕೂಲ.

ಫ್ಲೂಕ್‌ಗೆ ಬೇರೆ ಔಷಧಿ

ಇಲ್ಲಿ ನೀಲಿ, ಹಸಿರು ಬಾಟಲಿಗಳನ್ನು ನೆಚ್ಚಿಕೊಳ್ಳಬೇಡಿ. ಬೇಕಾದದ್ದು ಪ್ರಾಜಿಕ್ವಾಂಟೆಲ್. ಲೀಟರಿಗೆ 2ರಿಂದ 2.5 ಮಿಲಿಗ್ರಾಂ ಸಾಮಾನ್ಯ ಪ್ರಮಾಣ. ನೀರಿನಲ್ಲಿ ಸರಿಯಾಗಿ ಕರಗಲ್ಲ, ಒಂದು ಮುಚ್ಚಳ ಹಾಕಿದ ಬಾಟಲಿಯಲ್ಲಿ ಟ್ಯಾಂಕಿನ ನೀರು ಹಾಕಿ ಚೆನ್ನಾಗಿ ಕುಲುಕಿ ಸುರಿಯಬೇಕು. ಚರ್ಮದ ಫ್ಲೂಕ್ ಮರಿ ಹಾಕುತ್ತದೆ, ಕಿವಿರಿನ ಫ್ಲೂಕ್ ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಔಷಧಿ ನಾಟಲ್ಲ. ಐದಾರು ದಿನ ಬಿಟ್ಟು, ಒಡೆದು ಬಂದ ಮರಿಗಳಿಗಾಗಿ ಇನ್ನೊಂದು ಡೋಸ್ ಹಾಕಲೇಬೇಕು. ಮೆಡಿಕಲ್ ಅಂಗಡಿಯಲ್ಲಿ ನಾಯಿಗೆ ಕೊಡುವ ಜಂತುಹುಳದ ಮಾತ್ರೆ ತರಬೇಡಿ, ಅದರಲ್ಲಿ ಬೇರೆ ಔಷಧಿಗಳೂ ಬೆರೆತಿರುತ್ತವೆ. ಅಕ್ವೇರಿಯಂಗೆ ಅಂತಲೇ ಬರುವುದನ್ನು ಕೊಳ್ಳಿ.

ಅರಿಶಿನ ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ನೀರು ಹಳದಿಯಾಗಿ ಚುಕ್ಕೆ ಕಾಣದ ಹಾಗೆ ಆಗುತ್ತದೆ, ಅಷ್ಟು ಮಟ್ಟಿಗೆ ಮನಸ್ಸಿಗೆ ಸಮಾಧಾನ. ಒಣಗಿದ ಕಾಡುಬಾದಾಮಿ ಎಲೆ ಬೆಟ್ಟಾ ಥರದ ಮೀನಿಗೆ ಹಿತ, ನೀರಿಗೆ ಚಹಾ ಬಣ್ಣ ಬರುತ್ತದೆ, ಪಿಎಚ್ ಒಂಚೂರು ಇಳಿಯುತ್ತದೆ. ಇಕ್ ಆಗಲಿ ಫ್ಲೂಕ್ ಆಗಲಿ ಅದರಿಂದ ಹೋಗಲ್ಲ. ಎರಡು ಮೂರು ಔಷಧಿ ಒಟ್ಟಿಗೆ ಸುರಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ಕೆಲಸ ಮಾಡಲಿಲ್ಲ ಅಂದರೆ ಅರ್ಧ ನೀರು ಬದಲಿಸಿ, ಇದ್ದಿಲು ಹಾಕಿ ಒಂದು ದಿನ ಓಡಿಸಿ, ಆಮೇಲೆ ಇನ್ನೊಂದು.

ಮುಂದಿನ ಸಲ ಮೀನು ತರುವ ಮುಂಚೆ

ಮೂವತ್ತು ನಲವತ್ತು ಲೀಟರಿನ ಒಂದು ಪ್ಲಾಸ್ಟಿಕ್ ಟಬ್ ಸಾಕು, ಗಾಜಿನ ಟ್ಯಾಂಕೇ ಬೇಕಿಲ್ಲ. ಜಲ್ಲಿ ಬೇಡ, ಬರಿ ತಳ ಇದ್ದರೆ ಉದುರಿದ್ದನ್ನು ಎಳೆದು ತೆಗೆಯಬಹುದು. ಅಡಗಲು ಒಂದು ಪಿವಿಸಿ ಎಲ್ಬೋ ಇಡಿ. ಸ್ಪಂಜ್ ಫಿಲ್ಟರನ್ನು ತಿಂಗಳ ಮುಂಚೆಯೇ ದೊಡ್ಡ ಟ್ಯಾಂಕಿನ ಮೂಲೆಯಲ್ಲಿ ಓಡಿಸಿಟ್ಟಿರಿ, ಮೀನು ಬಂದ ದಿನ ಎತ್ತಿ ಟಬ್ಬಿಗೆ ಹಾಕಿ. ಹೀಗೆ ಮಾಡಿದರೆ ಟಬ್ಬಿನಲ್ಲಿ ಅಮೋನಿಯದ ತಾಪತ್ರಯ ಇರುವುದಿಲ್ಲ. ಟಬ್ಬಿಗೆ ಬಲೆ ಮುಚ್ಚಿ, ಹೊಸ ಮೀನು ಹಾರುತ್ತದೆ. ನಾಲ್ಕು ವಾರ ಅಲ್ಲೇ ಇರಲಿ. ಔಷಧಿ ಬೇಕಾದರೂ ಮೂವತ್ತು ಲೀಟರಿಗೆ ಹಾಕುವುದಕ್ಕೂ ಇಡೀ ಟ್ಯಾಂಕಿಗೆ ಸುರಿಯುವುದಕ್ಕೂ ಖರ್ಚಿನಲ್ಲೇ ಎಷ್ಟು ವ್ಯತ್ಯಾಸ ನೋಡಿ.

ಅಂಗಡಿಯಲ್ಲೂ ಮೀನು ಆರಿಸುವಾಗ ಅದೊಂದನ್ನೇ ನೋಡಬೇಡಿ, ಆ ತೊಟ್ಟಿಯಲ್ಲಿರುವ ಎಲ್ಲವನ್ನೂ ನೋಡಿ. ಒಂದು ಉಜ್ಜುತ್ತಿದ್ದರೂ ಆ ತೊಟ್ಟಿಯ ಮೀನು ಬೇಡ. ಕೆಲವು ಅಂಗಡಿಗಳಲ್ಲಿ ಸಾಲಾಗಿ ಇಟ್ಟ ತೊಟ್ಟಿಗಳಿಗೆಲ್ಲ ಹಿಂದೆ ಒಂದೇ ಫಿಲ್ಟರ್ ಇರುತ್ತದೆ, ನೀರು ಒಂದರಿಂದ ಒಂದಕ್ಕೆ ಸುತ್ತುತ್ತದೆ. ಹಾಗಿದ್ದರೆ ಪಕ್ಕದ ತೊಟ್ಟಿಯೂ ಬೇಡ. ನೀರು ನೀಲಿಯೋ ಹಸಿರೋ ಇದ್ದರೆ ಅಲ್ಲಿ ಆಗಲೇ ಔಷಧಿ ನಡೆಯುತ್ತಿದೆ, ಮುಂದಿನ ವಾರ ಬನ್ನಿ. ನಾಲ್ಕು ಕಾಳು ಊಟ ಹಾಕಿ ತೋರಿಸಿ ಅಂತ ಕೇಳಿ, ತಿನ್ನುವುದನ್ನು ಕಂಡ ಮೇಲೆ ದುಡ್ಡು ಕೊಡಿ. ಲೋಡ್ ಬಂದ ದಿನವೇ ಕೊಳ್ಳಬೇಡಿ. ಮೀನು ಚೆನ್ನೈ, ಕೋಲ್ಕತ್ತ ಕಡೆಯಿಂದ ಪ್ರಯಾಣ ಮಾಡಿ ಬಂದಿರುತ್ತದೆ, ಒಂದು ವಾರ ಅಂಗಡಿಯಲ್ಲೇ ಉಳಿದು ತೋರಿಸಲಿ. ಬೇಕಾದರೆ ಮುಂಗಡ ಕೊಟ್ಟು, ಕವರಿಗೆ ಹಾಕಿಸದೆ ಅಲ್ಲೇ ಇಡಿಸಿ ಬನ್ನಿ. ಟಬ್ಬಿಗೂ ಟ್ಯಾಂಕಿಗೂ ಬಲೆ ಬೇರೆ ಬೇರೆ ಇರಲಿ, ಒಂದೇ ಬಲೆ ಇದ್ದರೆ ಪ್ರತಿ ಸಲ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಬಳಸಿ.